ಪದಚರ್ಚೆ: ಕತ್ತಿ ‘ಅಪ್‌ಗ್ರೇಡ್’ ಮಾಡಿಸುವುದಕ್ಕೆ ಏನನ್ನೋಣ?

ಗೆಳೆಯರೇ,

ಒಂದು ಪದಕ್ಕಾಗಿ ಎರಡು ವಾರದಿಂದ ಒದ್ದಾಡುತ್ತಿದ್ದೇನೆ. ಅಕ್ಕನ ಮಗನಿಗೋಸ್ಕರ ‘ಜೆಲ್ಡಾ’ ಸರಣಿಯ ಹಳೇ ವಿಡಿಯೋ ಗೇಮ್ ಒಂದಕ್ಕೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ಆಟದ ಹೆಸರು ‘ಮಜೋರಾಸ್ ಮಾಸ್ಕ್’, 2000ದಲ್ಲಿ ‘ನಿಂಟೆಂಡೊ 64’ ಅನ್ನುವ ಗೇಮ್ ಯಂತ್ರಕ್ಕೆ ಬಂದದ್ದು. ಗುಹೆ, ಬೀಗ, ಮುಖವಾಡ, ಶಾಪ, ಇವೆಲ್ಲ ಸಲೀಸಾಗಿ ಕನ್ನಡಕ್ಕೆ ಬಂದವು. ಕತ್ತಿ ಅಪ್‌ಗ್ರೇಡ್ ಮಾಡಿಸುವ ಜಾಗಕ್ಕೆ ಬಂದಾಗ ಕೈ ನಿಂತುಬಿಟ್ಟಿತು.

ಮೊದಲು ‘ಕತ್ತಿಯನ್ನು ಮೇಲ್ದರ್ಜೆಗೇರಿಸಿ’ ಅಂತ ಬರೆದೆ. ಹುಡುಗ ಓದಿ, "ಕತ್ತಿಗೆ ಪ್ರಮೋಷನ್ನಾ?" ಅಂದ. ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಈ ಪದವನ್ನು ನಾವು ಓದುವುದು ಪೇಪರಿನಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರ ಮೇಲ್ದರ್ಜೆಗೇರುತ್ತದೆ, ಜಿಲ್ಲಾ ರಸ್ತೆ ಮೇಲ್ದರ್ಜೆಗೇರುತ್ತದೆ. ಆದೇಶ ಬರುತ್ತದೆ, ಬೋರ್ಡು ಬದಲಾಗುತ್ತದೆ. ಗುಂಡಿ ಅಲ್ಲೇ ಇದ್ದರೂ ಇರಬಹುದು. ಕತ್ತಿಯ ವಿಷಯ ಹಾಗಲ್ಲ, ಅಲ್ವಾ? ಅಲಗೇ ಬೇರೆ ಆಗಬೇಕು. ‘ಉನ್ನತೀಕರಿಸು’, ‘ವರ್ಧಿಸು’ ಬಗ್ಗೆ ಹೇಳುವುದೇ ಬೇಡ. ಅವು ಟೆಂಡರ್ ಕಾಗದದಲ್ಲಿ ಚೆನ್ನಾಗಿರುತ್ತವೆ.

ಆಟದಲ್ಲಿ ನಿಜವಾಗಿ ನಡೆಯುವುದನ್ನು ಸ್ವಲ್ಪ ಹೇಳಬೇಕು, ಯಾಕಂದರೆ ತೊಡಕು ಇರುವುದೇ ಅಲ್ಲಿ. ಹಿಮ ಮುಚ್ಚಿದ ಬೆಟ್ಟದ ಊರಿನಲ್ಲಿ ಒಂದು ಕಮ್ಮಾರಸಾಲೆ ಇದೆ. ಜುಬೋರಾ, ಗಬೋರಾ ಅಂತ ಇಬ್ಬರು ಕಮ್ಮಾರರು. ಚಳಿಗೆ ಅವರ ಒಲೆಯೇ ಹೆಪ್ಪುಗಟ್ಟಿ ಕೂತಿರುತ್ತದೆ. ಬಿಸಿನೀರಿನ ಬುಗ್ಗೆಯಿಂದ ನೀರು ತಂದು ಸುರಿದು ಅದನ್ನು ಕರಗಿಸಬೇಕು. ಆಮೇಲೆ 100 ರುಪೀ ಕೊಟ್ಟು ಕತ್ತಿಯನ್ನು ಬಿಟ್ಟು ಬರಬೇಕು. (ರುಪೀ ಅನ್ನುವುದು ಆ ಆಟದ ಹರಳು. ನಾನು ಮೊದಲು ‘ನೂರು ರೂಪಾಯಿ’ ಅಂತಲೇ ಬರೆದಿದ್ದೆ. ಹುಡುಗ ಒಂದು ಸಂಜೆಯೆಲ್ಲ ನಕ್ಕ.) ಮರುದಿನ ಬೆಳಗಾದರೆ ಹೊಸ ಅಲಗು ಸಿಗುತ್ತದೆ. ಅಲ್ಲಿವರೆಗೂ ನಾಯಕನ ಕೈಯಲ್ಲಿ ಕತ್ತಿಯೇ ಇರುವುದಿಲ್ಲ.

ಹೀಗೆ ಸಿಕ್ಕ ಕತ್ತಿ ಬರೀ 100 ಏಟಿಗೆ ಬರುತ್ತದೆ. ಆಮೇಲೆ ಮೊಂಡಾಗಿ ಮತ್ತೆ ಹಳೇ ಕತ್ತಿಯೇ ಕೈಗೆ. ಮೂರೇ ದಿನ ಮತ್ತೆ ಮತ್ತೆ ನಡೆಯುವ ಆಟ ಇದು; ಅಷ್ಟರೊಳಗೆ ‘ಕಾಲದ ಹಾಡು’ ನುಡಿಸಿ ಮೊದಲ ದಿನಕ್ಕೆ ಹಿಂದಿರುಗಿದರೂ ಅದೇ ಗತಿ. ನಮ್ಮ ಹುಡುಗ ಮಾಡಿದ್ದು ಅದನ್ನೇ. ಒಂದೊಂದೇ ಹರಳು ಹೆಕ್ಕಿ ನೂರು ಕೂಡಿಸಿ, ಕತ್ತಿ ಮಾಡಿಸಿಕೊಂಡು, ಹತ್ತು ನಿಮಿಷ ಕುಣಿದಾಡಿ, ಏನೋ ಯೋಚನೆಯಲ್ಲಿ ಹಾಡು ನುಡಿಸಿಬಿಟ್ಟ. "ಮಾಮಾ, ಅಪ್‌ಗ್ರೇಡ್ ಹೋಯ್ತು!" ಅಂತ ಕೂಗಿಕೊಂಡ. ಗೊರಾನ್‌ಗಳ (ಆಟದಲ್ಲಿ ಬರುವ ಬೆಟ್ಟದ ಜನ) ಓಟದ ಪಂದ್ಯ ಗೆದ್ದು ಚಿನ್ನದ ಪುಡಿ ತಂದುಕೊಟ್ಟರೆ ಅದೇ ಕಮ್ಮಾರರು ಇನ್ನೊಂದು ಸಲ ಬಡಿದು ಕೊಡುತ್ತಾರೆ. ಅದಕ್ಕೆ ಮತ್ತೊಂದು ದಿನ ಕಾಯಬೇಕು. ಆದರೆ ಆ ಕತ್ತಿ ಕೊನೇವರೆಗೂ ಉಳಿಯುತ್ತದೆ.

ಈಗ ನೋಡಿ, ಇಂಗ್ಲಿಷಿನಲ್ಲಿ ಎರಡಕ್ಕೂ ಅಪ್‌ಗ್ರೇಡ್ ಅಂದುಬಿಟ್ಟರೆ ಆಯಿತು. ಕನ್ನಡದಲ್ಲಿ ಎರಡೂ ಒಂದೇ ಕೆಲಸ ಅಂತ ನನ್ನ ಕಿವಿಗೆ ಅನಿಸುತ್ತಿಲ್ಲ. ನೂರು ಏಟಿಗೆ ಹೋಗುವುದು ಮೊನೆ, ಹರಿತ. ಅದು ‘ಸಾಣೆ ಹಿಡಿಸಿದ’ ಕತ್ತಿ. ಹೋಗದೇ ಉಳಿಯುವುದು ‘ಹದ’.

ಚಿಕ್ಕಂದಿನಲ್ಲಿ ತಾತನ ಜೊತೆ ಕುಡುಗೋಲು ಹಿಡಿದುಕೊಂಡು ಕುಲುಮೆಗೆ ಹೋಗುತ್ತಿದ್ದೆ. ತಾತ ಯಾವತ್ತೂ ‘ರಿಪೇರಿ’ ಅಂದವರಲ್ಲ. ನೇಗಿಲಿನ ಕುಳವಾದರೆ ‘ಹಣಿಸಬೇಕು’ ಅನ್ನುತ್ತಿದ್ದರು, ಅಂದರೆ ಕಾಯಿಸಿ ತಟ್ಟಿ ಮೊನೆ ಎಬ್ಬಿಸಬೇಕು. ಕುಡುಗೋಲಾದರೆ ‘ಕಕ್ಕು ಹಾಕಿಸಬೇಕು’, ಸವೆದ ಹಲ್ಲನ್ನು ಮತ್ತೆ ಕಡಿಸಬೇಕು. ಕೊಡಲಿಯಾದರೆ ‘ಕಾವು ಹಾಕಿಸಬೇಕು’, ಹಿಡಿ ಬದಲಾಯಿಸಬೇಕು. ಒಂದೊಂದು ಕೆಲಸಕ್ಕೂ ಒಂದೊಂದು ಮಾತು. ಕಮ್ಮಾರ ಕೆಂಪಗೆ ಕಾದ ಕಬ್ಬಿಣವನ್ನು ಬಾನಿಯ ನೀರಿಗೆ ಅದ್ದುತ್ತಿದ್ದ. ಚೊಂಯ್ ಅಂತ ಹೊಗೆ ಏಳುತ್ತಿತ್ತು. ಅಲ್ಲಿಗೆ ಮುಗಿಯಿತು ಅಂತ ನಾನು ಕೈ ಚಾಚಿದರೆ ಕೊಡುತ್ತಿರಲಿಲ್ಲ. ಮತ್ತೆ ಕೆಂಡದ ಬದಿಗೆ ಹಿಡಿದು, ಅಲಗಿನ ಮೇಲೆ ಒಣಹುಲ್ಲಿನ ಬಣ್ಣ ಹರಿದು ಬರುವುದನ್ನೇ ಕಾಯುತ್ತಿದ್ದ. ನೀರಿಗೆ ಅದ್ದಿದ ಉಕ್ಕು ಗಟ್ಟಿಯಾಗುತ್ತದೆ, ಆದರೆ ಏಟು ಬಿದ್ದರೆ ಗಾಜಿನ ಹಾಗೆ ಸಿಡಿಯುತ್ತದೆ. ಸ್ವಲ್ಪ ಕಾವು ಕೊಟ್ಟು ಆ ಬಿರುಸನ್ನು ಇಳಿಸುವುದೇ ಹದ. ಬೆಲ್ಲದ ಪಾಕಕ್ಕೂ, ಉಳುವ ನೆಲಕ್ಕೂ ನಾವು ಹೇಳುವ ಹದ ಇದೇ ತಾನೆ.

ಹೀಗಾಗಿ ‘ಹದ ಹಾಕಿಸು’ ಅನ್ನುವುದು ನನಗೆ ಹಿಡಿಸಿದೆ. ಇನ್ನೊಂದು ಲಾಭವೂ ಇದೆ. ಆಯುಧ ಕೆಟ್ಟಾಗ ‘ಹದಗೆಟ್ಟಿದೆ’ ಅನ್ನಬಹುದು. ಜೋಡಿ ಸರಿಹೋಯಿತು. ಇದೇ ಸರಣಿಯ 1991ರ ‘ಎ ಲಿಂಕ್ ಟು ದಿ ಪಾಸ್ಟ್’ ಆಟದಲ್ಲಿ ಕುಳ್ಳ ಕಮ್ಮಾರರು 10 ರುಪೀ ತೆಗೆದುಕೊಂಡು ಮಾಡಿಕೊಡುವ ಕತ್ತಿಯ ಇಂಗ್ಲಿಷ್ ಹೆಸರೇ ‘ಟೆಂಪರ್ಡ್ ಸೋರ್ಡ್’. ಅದನ್ನು ‘ಹದಗತ್ತಿ’ ಅಂದರೆ ಬೇರೆ ವಿವರಣೆ ಬೇಕಾಗಿಲ್ಲ.

‘ಮಸೆ’ ಅನ್ನುವ ಒಳ್ಳೇ ಪದ ಇದೆ, ಆದರೆ ಅದು ಕೈ ತಪ್ಪಿ ಹೋಗಿದೆ. ‘ಕತ್ತಿ ಮಸೆಯುತ್ತಿದ್ದಾನೆ’ ಅಂದರೆ ಯಾರ ಮೇಲೋ ದ್ವೇಷ ಸಾಧಿಸುತ್ತಿದ್ದಾನೆ ಅಂತಲೇ ಓದುತ್ತೇವೆ. ಪೇಪರಿನಲ್ಲಿ ಟಿಕೆಟ್ ಸಿಗದ ಪ್ರತಿಯೊಬ್ಬರೂ ಮಸೆಯುವವರೇ. ಕೆಲವರು ‘ಒರೆಗೆ ಹಚ್ಚು’ ಅನ್ನುವುದನ್ನು ಹರಿತ ಮಾಡು ಅನ್ನುವ ಅರ್ಥದಲ್ಲಿ ಬಳಸುವುದನ್ನು ನೋಡಿದ್ದೇನೆ. ಅದು ತಪ್ಪು. ಒರೆಗಲ್ಲಿಗೆ ಹಚ್ಚುವುದು ಚಿನ್ನದ ಗುಣ ನೋಡುವುದಕ್ಕೆ. ಕತ್ತಿಯ ಒರೆ ಬೇರೆ, ಅದು ಕತ್ತಿ ಇಡುವ ಚೀಲ.

ಚಿನ್ನದ ಪುಡಿಯ ಕತ್ತಿಗೆ ‘ಚಿನ್ನದ ಮುಲಾಮಿನ ಕತ್ತಿ’ ಅಂತ ಬರೆದು ನೋಡಿದೆ. ಮುಲಾಮು ಅಂದರೆ ಚಿನ್ನದ ಲೇಪ ಅಂತಲೂ ಇದೆ, ಅರ್ಥ ಸರಿಯೇ, ಆದರೆ ಹುಡುಗನಿಗೆ ಗಾಯಕ್ಕೆ ಹಚ್ಚುವ ಮುಲಾಮು ನೆನಪಾಯಿತು. ಈಗ ‘ಹೊಂಗತ್ತಿ’ ಅಂತ ಇಟ್ಟಿದ್ದೇನೆ. ಹೊಂಗನಸು, ಹೊಂಗಿರಣ ಇದ್ದ ಮೇಲೆ ಇದಕ್ಕೇನು ಅಡ್ಡಿ?

ಮಾಟ, ಮಂತ್ರದಿಂದ ಬಲ ತುಂಬುವುದಿದ್ದರೆ ನನಗೆ ಅನುಮಾನವೇ ಇಲ್ಲ, ‘ಮಂತ್ರಿಸು’. ನಿಂಬೆಹಣ್ಣು ಮಂತ್ರಿಸಿ ಕೊಡುವ ನಾಡು ನಮ್ಮದು, ಕತ್ತಿ ಮಂತ್ರಿಸುವುದೇನು ಕಷ್ಟ. ಆದರೆ 2023ರ ‘ಟಿಯರ್ಸ್ ಆಫ್ ದಿ ಕಿಂಗ್ಡಮ್’ ಆಟದಲ್ಲಿ ಕೋಲಿನ ತುದಿಗೆ ಬಂಡೆ, ಸತ್ತ ರಾಕ್ಷಸನ ಕೊಂಬು, ಏನು ಸಿಕ್ಕಿದರೂ ಕೂಡಿಸಿ ಆಯುಧದ ಬಲ ಹೆಚ್ಚಿಸುತ್ತಾರೆ. ಅದಕ್ಕೆ ‘ಬೆಸೆ’ ಅನ್ನಲೋ ‘ಜೋಡಿಸು’ ಅನ್ನಲೋ? ಬೆಸುಗೆ ಅಂದರೆ ಲೋಹ ಕರಗಬೇಕು ಅನಿಸುತ್ತದೆ. ಜೋಡಿಸು ಅಂದರೆ ತೀರಾ ಸಪ್ಪೆ.

ಇನ್ನು ನನ್ನ ದೊಡ್ಡ ಪ್ರಶ್ನೆ. ಕೈಪಿಡಿಯಲ್ಲಾದರೆ ಒಂದೊಂದು ಕಡೆ ಒಂದೊಂದು ಪದ ಬರೆಯಬಹುದು. ಆದರೆ ಈಗಿನ ಆಟಗಳಲ್ಲಿ ಕತ್ತಿ, ಬಿಲ್ಲು, ಗುರಾಣಿ ಎಲ್ಲಕ್ಕೂ ಸೇರಿ ಒಂದೇ ಬಟನ್ ಇರುತ್ತದೆ. ಬಿಲ್ಲಿಗೆ ಹದ ಹಾಕುವುದಿಲ್ಲ, ಗುರಾಣಿಗೆ ಸಾಣೆ ಹಿಡಿಯುವುದಿಲ್ಲ. ಅಲ್ಲಿಗೆ ‘ಬಲಪಡಿಸು’ ಸಾಕಾ? ‘ಹುರಿಗೊಳಿಸು’ ಅಂದರೆ ಜಾಸ್ತಿ ಆಯಿತಾ? ಅಥವಾ ಸುಮ್ನೆ ‘ಅಪ್‌ಗ್ರೇಡ್’ ಅಂತ ಕನ್ನಡ ಅಕ್ಷರದಲ್ಲೇ ಬರೆದುಬಿಡುವುದು ವಾಸಿಯಾ?

ಕರಾವಳಿಯವರು ಒಂದು ವಿಷಯ ಹೇಳಬೇಕು. ನಿಮ್ಮಲ್ಲಿ ಕತ್ತಿ ಅಂದರೆ ಕಾಯಿ, ಕಟ್ಟಿಗೆ ಕಡಿಯುವ ಮನೆಯ ಕತ್ತಿ. ಅದರ ಬಾಯಿ ಹೋದಾಗ ಕಮ್ಮಾರನಿಗೆ ಕೊಟ್ಟು ಏನು ಮಾಡಿಸುತ್ತೇವೆ ಅನ್ನುತ್ತೀರಿ? ಧಾರವಾಡ, ಬಿಜಾಪುರದ ಕಡೆಯವರೂ ಹೇಳಿ. ನಿಘಂಟಿನ ಪದ ನನ್ನ ಹತ್ತಿರವೂ ಇದೆ, ನಿಮ್ಮ ಮನೆಯಲ್ಲಿ ಆಡಿದ್ದು ಬೇಕು.

ಸದ್ಯಕ್ಕೆ ಹಸ್ತಪ್ರತಿಯಲ್ಲಿ ‘ಹದ ಹಾಕಿಸು’ ಅಂತ ಇದೆ. ಪಕ್ಕದಲ್ಲಿ ಹುಡುಗ ಪೆನ್ಸಿಲ್‌ನಲ್ಲಿ ‘ಓಕೆ, ಆದ್ರೆ ಹಾಡು ನುಡಿಸ್ಬೇಡಿ ಅಂತ ದಪ್ಪಕ್ಷರದಲ್ಲಿ ಹಾಕಿ’ ಅಂತ ಬರೆದಿದ್ದಾನೆ.