ಫ್ರೀ ಜಾಝ್ ಮೊದಲ ಸಲ ಕೇಳಿದೆ, ಹೇಗೆ ಹಿಡಿಯುವುದು?

ಪ್ರಶ್ನೆ: ನಿನ್ನೆ ರಾತ್ರಿ ಸರಸ್ವತಿಪುರಂನ ನನ್ನ ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರ ‘ಫ್ರೀ ಜಾಝ್’ ಆಲ್ಬಂ ಕೇಳಿದೆ, ಬಹುಪಾಲು ಅಲ್ಲೇ ಕಲ್ಪಿಸಿಕೊಂಡು ನುಡಿಸಿದ್ದು. ಸುಮಾರು 37 ನಿಮಿಷ, ನಿಲ್ಲುವುದೇ ಇಲ್ಲ. ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕೇಳಿ ಬೆಳೆದವನು ನಾನು, ಕೈ ತಾನಾಗಿಯೇ ತೊಡೆ ಮೇಲೆ ತಾಳ ಹುಡುಕುತ್ತದೆ, ಇಲ್ಲಿ ಸಿಗಲೇ ಇಲ್ಲ. ತಲೆ ಧಿಮ್ ಅಂದಿತು, ಆದರೂ ಆಫ್ ಮಾಡಲು ಮನಸ್ಸು ಬರಲಿಲ್ಲ. ಇದನ್ನು ಹೇಗೆ ಕೇಳಬೇಕು?

ಉತ್ತರ 1: ತಾಳ ಬಿಟ್ಟುಬಿಡಿ. 1960ರ ಆ ರೆಕಾರ್ಡಿಂಗಿನಲ್ಲಿ ಎರಡು ತಂಡ, ನಾಲ್ಕು ನಾಲ್ಕು ಜನ, ಒಂದು ಎಡಕಿವಿಗೆ, ಇನ್ನೊಂದು ಬಲಕಿವಿಗೆ. ಮೊದಲು ಎಡಗಡೆ ಕೋಲ್ಮನ್ ಸ್ಯಾಕ್ಸೋಫೋನ್ ಮಾತ್ರ ಹಿಂಬಾಲಿಸಿ. ಆಮೇಲೆ ಬಲಗಡೆ ಎರಿಕ್ ಡಾಲ್ಫಿಯ ಬಾಸ್ ಕ್ಲಾರಿನೆಟ್, ಆ ದಪ್ಪ ದನಿ ಯಾರೋ ಜಗಲಿ ಮೇಲೆ ಕೂತು ವಾದ ಮಾಡಿದ ಹಾಗಿದೆ. ಒಂದೊಂದೇ ದನಿ ಹಿಡಿದರೆ ಗದ್ದಲ ಬಿಡಿಸಿಕೊಳ್ಳುತ್ತದೆ.

ಉತ್ತರ 2: ನನ್ನ ಪ್ರಕಾರ ಅದರಿಂದ ಶುರು ಮಾಡಬಾರದಿತ್ತು. ಅವರದೇ 1959ರ ‘ಲೋನ್ಲಿ ವುಮನ್’ ಕೇಳಿ, ಐದೇ ನಿಮಿಷ. ಕೆಳಗೆ ಡ್ರಮ್ಸ್ ಓಡುತ್ತಿರುತ್ತದೆ, ಮೇಲೆ ರಾಗ ಅವಸರವೇ ಇಲ್ಲದೆ ಎಳೆದುಕೊಂಡು ಹೋಗುತ್ತದೆ. ಪಿಯಾನೋ ಇಲ್ಲ. ನಾನು ಅತ್ತುಬಿಟ್ಟಿದ್ದೆ.

ಉತ್ತರ 3: ಸ್ಯಾಕ್ಸೋಫೋನ್ ನಮಗೇನು ಹೊಸದಲ್ಲ, ಅಲ್ವಾ? ಕದ್ರಿ ಗೋಪಾಲನಾಥರಿಗೆ ಅದರ ಹುಚ್ಚು ಹಿಡಿದದ್ದೇ ನಮ್ಮ ಮೈಸೂರು ಅರಮನೆ ಬ್ಯಾಂಡ್ ಕೇಳಿ. ಅವರು ಜಾಝ್ ವಾದಕ ರುದ್ರೇಶ್ ಮಹಂತಪ್ಪ ಜೊತೆ ನುಡಿಸಿದ ‘ಕಿನ್ಸ್‌ಮೆನ್’ ಆಲ್ಬಂ 2008ರಲ್ಲಿ ಬಂತು. ನಿಮ್ಮ ಕಿವಿಗೆ ಅದೇ ಒಳ್ಳೆ ಬಾಗಿಲು.

ಪ್ರಶ್ನೆ ಕೇಳಿದವರು: ಬೆಳಗ್ಗೆ ಎಡಕಿವಿ ಮಾತ್ರ ಹಿಡಿದು ಕೇಳಿದೆ. ಕೋಲ್ಮನ್ ಹಾಡುತ್ತಿದ್ದಾರೆ! ರಾತ್ರಿ ‘ಕಿನ್ಸ್‌ಮೆನ್’.