ರಾತ್ರಿಯ ಯಕ್ಷಗಾನದ ಆಟಕ್ಕೂ ತೋಟದ ಹುಳುಗಳಿಗೂ ಯಾವ ಕ್ಯಾಮೆರಾ, ಎಡಿಟಿಂಗಿಗೆ ಏನು?

ಸಿದ್ದಾಪುರದಿಂದ ಕೇಳಿದ್ದು

ಇಷ್ಟು ದಿನ ಮೊಬೈಲಲ್ಲೇ ಫೋಟೊ ತೆಗೆಯುತ್ತಿದ್ದೆ. ಹಗಲಿನ ಫೋಟೊಗೆ ಅದೇ ಸಾಕು. ಆದರೆ ನನ್ನ ಆಸೆ ಇರುವುದು ಎರಡರ ಮೇಲೆ: ರಾತ್ರಿಯ ಯಕ್ಷಗಾನ, ಮತ್ತೆ ನಮ್ಮ ಅಡಿಕೆ ತೋಟದ ಜೇಡ, ಕಪ್ಪೆ, ಹುಳುಗಳು. ಎರಡರಲ್ಲೂ ಮೊಬೈಲ್ ಕೈಕೊಡುತ್ತಿದೆ. 60 ಸಾವಿರದವರೆಗೆ ಹೊಂದಿಸಬಲ್ಲೆ, ಸೆಕೆಂಡ್ ಹ್ಯಾಂಡ್ ಆದರೂ ಸರಿ. ಲ್ಯಾಪ್‌ಟಾಪ್ 8 ಜಿಬಿ ರ‍್ಯಾಮಿನದು. ತಿಂಗಳಾ ತಿಂಗಳಾ ದುಡ್ಡು ಕಟ್ಟುವ ಸಾಫ್ಟ್‌ವೇರ್ ಬೇಕೇ ಬೇಕಾ? ಬಳಸಿದವರು ಹೇಳಿ.

ಉಡುಪಿಯಿಂದ

ಆಟದ ಫೋಟೊ ತೆಗೆಯಬೇಕು ಅಂದರೆ ಮೊದಲು ಲೆನ್ಸ್ ಯಾವುದೆಂದು ತೀರ್ಮಾನ ಮಾಡಿ, ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಆಮೇಲೆ. ಕ್ಯಾಮೆರಾ ಜೊತೆ ಬರುವ 18-55 ಕಿಟ್ ಲೆನ್ಸನ್ನು ಪೂರ್ತಿ ಝೂಮ್ ಮಾಡಿದರೆ ಅದರ ಬಾಯಿ ಎಫ್/5.6ಕ್ಕಿಂತ ಅಗಲ ತೆರೆಯುವುದಿಲ್ಲ (ಎಫ್ ಅಂಕಿ ಚಿಕ್ಕದಾದಷ್ಟೂ ಬಾಯಿ ಅಗಲ). ಅದೇ ಜಾಗದಲ್ಲಿ 50 ಎಂಎಂ ಎಫ್/1.8 ಹಾಕಿದರೆ ಸೆನ್ಸರ್ ಮೇಲೆ ಹತ್ತಿರ ಹತ್ತು ಪಟ್ಟು ಬೆಳಕು ಬೀಳುತ್ತದೆ. ಕಿಟ್ ಲೆನ್ಸಲ್ಲಿ ಐಎಸ್‌ಒ (ಏರಿಸಿದಷ್ಟೂ ಕತ್ತಲಲ್ಲಿ ಫೋಟೊ ಬರುತ್ತದೆ, ಆದರೆ ಕಾಳುಕಾಳಾಗುತ್ತದೆ) 12,800 ಇಡಬೇಕಾದ ಕಡೆ ಇದರಲ್ಲಿ 1,250ರ ಆಸುಪಾಸಿನಲ್ಲಿ ಕೆಲಸ ಆಗುತ್ತದೆ. ಹತ್ತು ವರ್ಷ ಹಳೆಯ ಬಾಡಿಯಲ್ಲೂ 1,250 ಚೆನ್ನಾಗಿಯೇ ಬರುತ್ತದೆ. ಹಲವು ಕಂಪನಿಗಳಲ್ಲಿ ಇದು ಅಗ್ಗದ ಲೆನ್ಸುಗಳ ಸಾಲಿನಲ್ಲೇ ಇದೆ. ಎಪಿಎಸ್-ಸಿ (ಚಿಕ್ಕ ಸೆನ್ಸರಿನ) ಬಾಡಿಗೆ ಹಾಕಿದಾಗ ಫುಲ್ ಫ್ರೇಮಿನ (ದೊಡ್ಡ ಸೆನ್ಸರಿನ) 75-80 ಎಂಎಂ ಲೆನ್ಸಿನಷ್ಟು ಹತ್ತಿರ ತೋರಿಸುತ್ತದೆ, ಮುಂದಿನ ಸಾಲಲ್ಲಿ ಕೂತರೆ ಒಂದು ವೇಷ ತಲೆಯಿಂದ ಕಾಲಿನವರೆಗೆ ಹಿಡಿಸುತ್ತದೆ. ರಂಗಸ್ಥಳ ಪೂರ್ತಿ ಬೇಕಿದ್ದರೆ ಕಿಟ್ ಲೆನ್ಸನ್ನೇ 18ರ ಕಡೆ ಇಟ್ಟು ತೆಗೆಯಿರಿ.

ನಿಂತು ಅರ್ಥ ಹೇಳುವಾಗ ಶಟರ್ 1/200 ಸೆಕೆಂಡ್ ಸಾಕು. ಧೀಂಗಿಣ (ಗಿರಕಿ ಹೊಡೆಯುವ ಕುಣಿತ) ಶುರುವಾದರೆ 1/500ಕ್ಕಿಂತ ಕೆಳಗೆ ಇಳಿಯಬೇಡಿ, ಕಿರೀಟದ ಅಂಚು ಅಲುಗಿ ಹೋಗುತ್ತದೆ. ಹಿಂದೆಲ್ಲ ಕತ್ತಲೆ ಇರುವುದರಿಂದ ಕ್ಯಾಮೆರಾದ ಮೀಟರ್ ಮೋಸ ಹೋಗಿ ಮುಖವನ್ನು ಸುಣ್ಣ ಬಳಿದ ಹಾಗೆ ಬೆಳ್ಳಗೆ ಮಾಡಿಬಿಡುತ್ತದೆ. ಮ್ಯಾನ್ಯುಯಲ್ ಮೋಡಿಗೆ ಹಾಕಿ, ಮುಖದ ಬಣ್ಣ ಸರಿಯಾಗಿ ಕಾಣುವಷ್ಟಕ್ಕೆ ಇಳಿಸಿಕೊಳ್ಳಿ. ಈಗಿನ ಎಲ್‌ಇಡಿ ದೀಪಗಳ ಕೆಳಗೆ ಅತಿ ಹೆಚ್ಚು ಪೆಟ್ಟು ತಿನ್ನುವುದು ಕೆಂಪು. ಕಸೆ ಸೀರೆಯ ಚೌಕಳಿ ಗೆರೆಗಳೆಲ್ಲ ಕರಗಿ ಒಂದೇ ಕೆಂಪು ಮುದ್ದೆ ಆಗುತ್ತದೆ. ಜೆಪೆಗ್‌ನಲ್ಲಿ ಹೀಗೆ ಹೋದರೆ ಹೋದ ಹಾಗೇ. ರಾ ಫೈಲ್ (ಸೆನ್ಸರ್ ಹಿಡಿದ ಕಚ್ಚಾ ಫೈಲ್) ಇಟ್ಟುಕೊಂಡು ಸ್ವಲ್ಪ ಕಡಿಮೆ ಎಕ್ಸ್‌ಪೋಷರಿನಲ್ಲಿ ತೆಗೆದಿದ್ದರೆ ಬಹುಪಾಲು ಉಳಿಯುತ್ತದೆ.

ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾ) ತೆಗೆದುಕೊಂಡರೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇದೆಯೆಂದು ಅದನ್ನೇ ಬಳಸಬೇಡಿ. ಮಿನುಗುವ ದೀಪಗಳಡಿ ಫೋಟೊದ ತುಂಬ ಅಡ್ಡಪಟ್ಟಿ ಬರುತ್ತದೆ. ಮೆಕ್ಯಾನಿಕಲ್ ಶಟರಿನಲ್ಲಿ ಈ ಕಾಟ ಬಹಳ ಕಡಿಮೆ. ರಂಗಸ್ಥಳದತ್ತ ಫ್ಲ್ಯಾಷ್ ಮಾತ್ರ ಯಾವತ್ತೂ ಬೇಡ, ಕಲಾವಿದರ ಕಣ್ಣಿಗೆ ಅದು ಹಿಂಸೆ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವಾಗ ತೆಗೆಯುವ ಫೋಟೊಗಳು ನನಗೆ ಎಲ್ಲಕ್ಕಿಂತ ಇಷ್ಟ. ಮೇಳದವರನ್ನು ಕೇಳಿ ಒಳಗೆ ಹೋಗಿ, ಒಂದು ಮೂಲೆಯಲ್ಲಿ ಕೂತರೆ ಯಾರೂ ಬೇಡ ಅನ್ನುವುದಿಲ್ಲ.

ತೀರ್ಥಹಳ್ಳಿಯಿಂದ

ಹುಳುಗಳ ವಿಷಯ ನಾನು ಹೇಳುತ್ತೇನೆ. ಮ್ಯಾಕ್ರೊ ಲೆನ್ಸಿಗೆ (ಸಣ್ಣದನ್ನು ಹತ್ತಿರದಿಂದ ದೊಡ್ಡದಾಗಿ ತೋರಿಸುವ ಲೆನ್ಸ್) ಈಗಲೇ ದುಡ್ಡು ಹಾಕಬೇಡಿ. 55-200 ಅಥವಾ 70-300 ತರಹದ ಸೆಕೆಂಡ್ ಹ್ಯಾಂಡ್ ಝೂಮ್ ಒಂದು ಇರಲಿ, ಅದರ ಮುಂದೆ ರೇನಾಕ್ಸ್ ಡಿಸಿಆರ್-250 ಎನ್ನುವ ಕ್ಲೋಸ್‌ಅಪ್ ಲೆನ್ಸ್ ಸಿಕ್ಕಿಸಿ. ಅದು 52ರಿಂದ 67 ಎಂಎಂವರೆಗಿನ ಫಿಲ್ಟರ್ ಅಳತೆಯ ಲೆನ್ಸುಗಳಿಗೆ ಕ್ಲಿಪ್ಪಿನಂತೆ ಕೂರುತ್ತದೆ. ಹುಳುವಿನಿಂದ ಅರ್ಧ ಗೇಣು ದೂರದಲ್ಲಿ ಫೋಕಸ್ ಆಗುತ್ತದೆ. ಆಟೊಫೋಕಸ್ ಮರೆತುಬಿಡಿ. ಫೋಕಸ್ ರಿಂಗ್ ಒಂದು ಕಡೆ ಇಟ್ಟು, ಮೊಣಕೈ ಊರಿ, ಉಸಿರು ಹಿಡಿದು ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುತ್ತ ಜೇಡದ ಕಣ್ಣು ಚೂಪಾದ ಕ್ಷಣದಲ್ಲಿ ಒತ್ತುವುದು. ಎಫ್/11 ಇಟ್ಟರೂ ಸ್ಪಷ್ಟ ಕಾಣುವುದು ಒಂದು ಎಂಎಂ ಸುತ್ತಮುತ್ತ ಅಷ್ಟೇ. ತೋಟದ ನೆರಳಲ್ಲಿ ಎಫ್/11ಕ್ಕೆ ಬೆಳಕು ಸಾಲುವುದಿಲ್ಲ, ಇಲ್ಲಿ ಫ್ಲ್ಯಾಷ್ ಬೇಕು. ಆದ್ದರಿಂದ ಬಾಡಿಯಲ್ಲೇ ಫ್ಲ್ಯಾಷ್ ಇರುವ ಕ್ಯಾಮೆರಾ ನೋಡಿ. ಮುಂದೆ ಬಿಳಿ ಕಾಗದ ಕಟ್ಟಿ ಬೆಳಕನ್ನು ಮೆತ್ತಗೆ ಮಾಡಿಕೊಂಡರೆ ಆಯಿತು. ಬೆಳ್ಳಂಬೆಳಿಗ್ಗೆ ಇಬ್ಬನಿ ಇರುವಾಗ ಹುಳುಗಳು ಜಡವಾಗಿರುತ್ತವೆ, ಗಾಳಿಯೂ ಇರುವುದಿಲ್ಲ. ಕಪ್ಪೆಯನ್ನು ಕೈಯಲ್ಲಿ ಹಿಡಿದು ತಂದು ಎಲೆ ಮೇಲೆ ಕೂರಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅದರ ಚರ್ಮ ತುಂಬ ಸೂಕ್ಷ್ಮ.

ನಿಮ್ಮ ಕಡೆ ಮಳೆ ನಮ್ಮಲ್ಲಿಯಷ್ಟೇ. ಹಾಗಾಗಿ ಕ್ಯಾಮೆರಾ ಕೊಳ್ಳುವ ದಿನವೇ ಬೂಷ್ಟು ಹಿಡಿಯದಂತೆ ವ್ಯವಸ್ಥೆ ಮಾಡಿ. ಬ್ಯಾಗಿನಲ್ಲಿ ಹಾಕಿ ಬೀರುವಿನೊಳಗೆ ಇಟ್ಟ ಲೆನ್ಸಿಗೆ ಒಂದು ಮಳೆಗಾಲದಲ್ಲೇ ಒಳಗಡೆ ಜೇಡರಬಲೆಯಂಥ ಬೂಷ್ಟು ಹಿಡಿಯಬಹುದು. ಅಡುಗೆಮನೆಗೆ ತರುವ ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್ ಇಷ್ಟಿದ್ದರೆ ಸಾಕು. ಮುಳ್ಳು ಶೇ. 40-50ರ ನಡುವೆ ಇರಬೇಕು. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿ ಮಾಡಿ ಒಣಗಿಸಿ, ಮತ್ತೆ ನೀಲಿ ಆಗುತ್ತದೆ. ಈ ಕೆಲಸಕ್ಕೆ ಇಟ್ಟ ಪಾತ್ರೆಯನ್ನು ಅಡುಗೆಗೆ ಬಳಸಬೇಡಿ.

ಹುಬ್ಬಳ್ಳಿಯಿಂದ

ಮದುವೆ ಫೋಟೊಗ್ರಫಿ ಮಾಡ್ತೀನಿ. ನಮ್ಮಂಥವರೆಲ್ಲ ಮಿರರ್‌ಲೆಸ್‌ಗೆ ಹೋಗ್ಯಾರ, ಹಿಂಗಾಗಿ ಹಳೇ ಡಿಎಸ್ಎಲ್ಆರ್ (ಒಳಗ ಕನ್ನಡಿ ಇರೋ ಕ್ಯಾಮೆರಾ) ಮಾರ್ಕೆಟ್‌ನ್ಯಾಗ ಅಗ್ಗ ಅದಾವ. ನಿಮ್ಮ ಬಜೆಟ್ಟಿಗೆ ಅದ ಛಲೋ ರೀ. ನಿಕಾನ್ ತಗೊಂಡ್ರ ಒಂದು ನೆನಪಿಡ್ರಿ: ಡಿ3500, ಡಿ5600 ಇಂಥ ಬಾಡಿಯೊಳಗ ಫೋಕಸ್ ಮೋಟರ್ ಇಲ್ಲ. ಅಗ್ಗ ಅಂತ 50 ಎಂಎಂ 1.8ಡಿ ತಂದ್ರ ಕೈಲೇ ಫೋಕಸ್ ಮಾಡಬೇಕಾಗ್ತದ. ಹೆಸರಿನ್ಯಾಗ ಎಎಫ್-ಎಸ್, 1.8ಜಿ ಅಂತ ಇದ್ದದ್ದೇ ಬೇಕು, ಅದರಾಗ ಮೋಟರ್ ಲೆನ್ಸಿನ ಒಳಗ ಇರ್ತದ. ಡಿ7200ದಾಗ ಮೋಟರ್ ಅದ. ಕ್ಯಾನನ್ ಇಎಫ್ ಲೆನ್ಸಿಗೆ ಈ ಕಿರಿಕಿರಿ ಇಲ್ಲ, ನಾಳೆ ಅವರ ಮಿರರ್‌ಲೆಸ್ ತಗೊಂಡ್ರೂ ಅಡಾಪ್ಟರ್ ಹಾಕಿ ನಡಸಬಹುದು.

ಬೆಂಗಳೂರಿನಿಂದ

ಸಾಫ್ಟ್‌ವೇರಿಗೆ ಮೊದಲ ವರ್ಷ ಒಂದು ರೂಪಾಯಿಯೂ ಕೊಡಬೇಡಿ. ನಿಕಾನ್ ಆದರೆ ಎನ್‌ಎಕ್ಸ್ ಸ್ಟುಡಿಯೊ, ಕ್ಯಾನನ್ ಆದರೆ ಡಿಪಿಪಿ, ಎರಡೂ ಕಂಪನಿಯವರೇ ಕೊಡುವ ಉಚಿತ ಸಾಫ್ಟ್‌ವೇರ್. ಕ್ಯಾಮೆರಾದ ಬಣ್ಣವೇ ಅದರಲ್ಲಿ ಬರುತ್ತದೆ. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ನಾಯ್ಸ್ (ಫೋಟೊದ ಕಾಳುಕಾಳು) ಈ ಮೂರನ್ನು ಅದರಲ್ಲೇ ಕಲಿಯಿರಿ.

ಅದು ಸಾಲದು ಅನಿಸಿದ ಮೇಲೆ ಡಾರ್ಕ್‌ಟೇಬಲ್. ಇದೂ ಉಚಿತ, ಮುಕ್ತ ತಂತ್ರಾಂಶ, ವಿಂಡೋಸ್‌ನಲ್ಲೂ ನಡೆಯುತ್ತದೆ. ಮೊದಲ ಸಲ ತೆರೆದಾಗ ಹತ್ತಾರು ಮಾಡ್ಯೂಲ್ ನೋಡಿ ಗಾಬರಿ ಆಗುತ್ತದೆ. ನಾನು ದಿನಾ ಬಳಸುವುದು ನಾಲ್ಕೈದೇ: ಎಕ್ಸ್‌ಪೋಷರ್, ಸಿಗ್ಮಾಯ್ಡ್, ಕಲರ್ ಬ್ಯಾಲೆನ್ಸ್, ಡಿನಾಯ್ಸ್, ಲೆನ್ಸ್ ಕರೆಕ್ಷನ್. ಉಡುಪಿಯವರು ಹೇಳಿದ ಕೆಂಪು ಸೀರೆಗೆ ನಾನು ಮಾಡುವುದು ಹೀಗೆ: ಎಕ್ಸ್‌ಪೋಷರಿನಲ್ಲಿ ಮಾಸ್ಕ್ ಹಾಕಿ ಸೀರೆಯ ಜಾಗವನ್ನಷ್ಟೇ ಅರ್ಧ ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಇಳಿಸುತ್ತೇನೆ, ಆಮೇಲೆ ಅಲ್ಲಿಯ ಸ್ಯಾಚುರೇಷನ್ ಸ್ವಲ್ಪ ತಗ್ಗಿಸುತ್ತೇನೆ. ಅಡಗಿದ್ದ ಚೌಕಳಿ ಹಾಗೇ ಮೇಲೆ ಬರುತ್ತದೆ. 8 ಜಿಬಿಯಲ್ಲಿ ನಡೆಯುತ್ತದೆ, ಡಿನಾಯ್ಸ್ ಹಾಕಿದಾಗ ನಿಧಾನ ಅಷ್ಟೇ. ನೆನಪಿಡಬೇಕಾದ್ದು, ನೀವು ಮಾಡಿದ ತಿದ್ದುಪಡಿಯೆಲ್ಲ ಫೋಟೊ ಪಕ್ಕದಲ್ಲೇ ಇರುವ ಎಕ್ಸ್‌ಎಂಪಿ ಎಂಬ ಪುಟ್ಟ ಫೈಲಿನಲ್ಲಿರುತ್ತದೆ. ಹಾರ್ಡ್ ಡಿಸ್ಕಿಗೆ ಬ್ಯಾಕಪ್ ಮಾಡುವಾಗ ಅದನ್ನೂ ಸೇರಿಸಿ.

ಲೈಟ್‌ರೂಮ್ ಒಳ್ಳೆಯದಲ್ಲ ಅಂತಲ್ಲ. 2023ರಲ್ಲಿ ಬಂದ ಅದರ ಎಐ ಡಿನಾಯ್ಸ್ ರಾತ್ರಿ ಫೋಟೊಗಳಿಗೆ ನಿಜವಾಗಿ ದೊಡ್ಡ ಉಪಕಾರ. ಆದರೆ ಅದಕ್ಕೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಒಂದೊಂದು ಫೋಟೊಗೂ ಕಾದು ಕೂರಬೇಕು. ಚಂದಾ ನಿಲ್ಲಿಸಿದರೆ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಹಳೆಯ ಫೋಟೊ ನೋಡಬಹುದು, ಎಕ್ಸ್‌ಪೋರ್ಟ್ ಮಾಡಬಹುದು, ಡೆವಲಪ್ ಭಾಗ ಮಾತ್ರ ಮುಚ್ಚಿಹೋಗುತ್ತದೆ. ನಿಮ್ಮ ಲ್ಯಾಪ್‌ಟಾಪ್ ಬದಲಾಯಿಸಿದ ಮೇಲೆ ಯೋಚಿಸಿ.

ಮೈಸೂರಿನಿಂದ

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಕೈಯಲ್ಲಿ ಹಿಡಿದು ನೋಡದೆ ದುಡ್ಡು ಕೊಡಬೇಡಿ. ಲೆನ್ಸಿನ ಎರಡೂ ಮುಚ್ಚಳ ತೆಗೆದು ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ನಾಲ್ಕು ಧೂಳಿನ ಕಣ ಇದ್ದರೆ ತೊಂದರೆಯಿಲ್ಲ, ಬೇರು ಬಿಟ್ಟಂಥ ಎಳೆ ಕಂಡರೆ ಬೇಡ. ಎಫ್/16 ಇಟ್ಟು ಆಕಾಶದ ಫೋಟೊ ತೆಗೆದು ಹಿಗ್ಗಿಸಿದರೆ ಸೆನ್ಸರ್ ಮೇಲಿನ ಕಲೆಗಳು ಕಾಣುತ್ತವೆ. ನಿಕಾನ್ ಆದರೆ ಶಟರ್ ಎಷ್ಟು ಸಲ ಬಿದ್ದಿದೆ ಎಂಬ ಲೆಕ್ಕ ಫೋಟೊ ಫೈಲಿನೊಳಗೇ ಇರುತ್ತದೆ. ಡಿ7200ರ ಶಟರನ್ನು ಕಂಪನಿ ಪರೀಕ್ಷಿಸಿರುವುದು 1,50,000 ಸಲಕ್ಕೆ, ಅದರ ಅರ್ಧದೊಳಗೆ ಇದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ. ಮೂಲ ಬಿಲ್ ಕೇಳಿ, ಬಾಡಿಯ ಸೀರಿಯಲ್ ನಂಬರಿಗೆ ತಾಳೆ ನೋಡಿ. ಬಿಲ್ ಇಲ್ಲದ ಮಾಲು ಎಷ್ಟು ಅಗ್ಗವಾದರೂ ಬಿಡಿ.

70-300 ಹೇಗೂ ತೆಗೆದುಕೊಳ್ಳುತ್ತೀರಿ, ಅದರಲ್ಲೇ ಹಕ್ಕಿಯೂ ಆಗುತ್ತದೆ. ರಂಗನತಿಟ್ಟಿನ ದೋಣಿಯಲ್ಲಿ ಕೂತರೆ ಬಣ್ಣದ ಕೊಕ್ಕರೆಗೆ 300 ಎಂಎಂ ಧಾರಾಳ.

ಸಿದ್ದಾಪುರದಿಂದ

ಎಲ್ಲರಿಗೂ ತುಂಬ ಧನ್ಯವಾದ. ಹಾಗಾದರೆ ಸೆಕೆಂಡ್ ಹ್ಯಾಂಡ್ ಡಿ7200, 50 ಎಂಎಂ 1.8ಜಿ, ಒಂದು 70-300, ರೇನಾಕ್ಸ್, ಡಬ್ಬ. ನಿಕಾನ್ 70-300ರಲ್ಲೇ ಎಎಫ್-ಎಸ್, ಎಎಫ್-ಪಿ ಅಂತ ಎರಡು ಕಾಣುತ್ತಿವೆ, ಯಾವುದು?

ಹುಬ್ಬಳ್ಳಿಯಿಂದ

ಎಎಫ್-ಎಸ್ ವಿಆರ್ (ಕೈ ನಡುಗಿದ್ರೂ ಫೋಟೊ ಅಲುಗದಂಗ ತಡಿಯೂದು) ತಗೋರಿ. ಎಎಫ್-ಪಿ ಡಿ7200ಕ್ಕ ಹತ್ತಿದರೂ ಎಲ್ಲಾ ಸೌಲಭ್ಯ ಸಿಗೂದಿಲ್ಲ. ಎಎಫ್-ಎಸ್‌ದ ಫಿಲ್ಟರ್ ಅಳತೆ 67, ರೇನಾಕ್ಸ್ ಸರಿಯಾಗಿ ಕೂಡ್ತದ.