ಮಿಷನ್ ಸೇವೆಗೆ ಹೊರಟಿದ್ದೇವೆ, ಮಗಳು ಬರಲ್ಲ ಅಂತಿದ್ದಾಳೆ

ಎರಡು ಮಕ್ಕಳ ಅಮ್ಮ:
ಭಾಷೆ ತರಗತಿ, ಬೆಂಬಲ ಕೊಡುವವರಿಗೆ ಪತ್ರ, ಲಸಿಕೆ, ವೀಸಾ, ಒಂದು ಮುಗಿದರೆ ಇನ್ನೊಂದು. ಸಂಜೆಯಾದರೆ ನಮ್ಮನೆಯವರು ಯಾವುದಾದರೂ ಸಭೆಯಲ್ಲಿ ಸಾಕ್ಷಿ, ಅಂದರೆ ತಮ್ಮ ನಂಬಿಕೆಯ ಅನುಭವ, ಹೇಳೋಕೆ ಹೋಗಿರುತ್ತಾರೆ. ನಾನು ಮಕ್ಕಳನ್ನು ಕೂರಿಸಿಕೊಂಡು ಕುಟುಂಬ ಪ್ರಾರ್ಥನೆ ಮಾಡಿದರೆ ಚಿಕ್ಕವನು ತೂಕಡಿಸುತ್ತಾನೆ, ದೊಡ್ಡವಳು ಕಣ್ಣು ತೆರೆದುಕೊಂಡೇ ಕೂತು "ದೇವರು ಕರೆದಿದ್ದು ನಿಮ್ಮನ್ನ, ನನ್ನನ್ನಲ್ಲ" ಅಂತಾಳೆ. ಏನು ಹೇಳಲಿ?

ಹಳೇ ಸೇವಕ:
ಅವಳ ಮಾತಲ್ಲಿ ನ್ಯಾಯ ಇದೆ, ಅಲ್ವಾ? ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಹೊರಟಾಗ ಹೆಂಡತಿ ಡೊರೊತಿ ಮೊದಲು ಒಪ್ಪಲೇ ಇಲ್ಲ. ಪ್ರಯಾಣ ತಡವಾಯಿತು, ಮತ್ತೆ ಹೋಗಿ ಕೇಳಿದರು, ತನ್ನ ತಂಗಿಯೂ ಬರುವುದಾದರೆ ಸರಿ ಅಂತ ಡೊರೊತಿ ಹೊರಟರು. 1794ರಲ್ಲಿ ಪುಟ್ಟ ಮಗ ಪೀಟರ್ ತೀರಿಕೊಂಡ. ಆಮೇಲೆ ಆಕೆಯ ಮನಸ್ಸು ಕೆಟ್ಟಿತು, 1807ರಲ್ಲಿ ಸಾಯುವವರೆಗೂ ಸರಿಹೋಗಲಿಲ್ಲ. ಕೇರಿಯ ಬೈಬಲ್ ಅನುವಾದದ ಬಗ್ಗೆ ಪ್ರಸಂಗ ಮಾಡೋರು ಬೇಕಾದಷ್ಟು ಜನ, ಇದನ್ನು ಹೇಳೋರು ಕಡಿಮೆ.

ಪಾಸ್ಟರ್ ಮಗಳು:
ಅಕ್ಕಾ, ಅವಳಿಗೆ ಸುಮ್ನೆ ಬೈಬಲ್ ವಾಕ್ಯ ತೋರಿಸಿ ಬಾಯಿ ಮುಚ್ಚಿಸಬೇಡಿ. ಬೈಬಲಿನ 13ನೇ ಕೀರ್ತನೆ ದೇವರ ಮುಂದೆ ದೂರು ಹೇಳಿಯೇ ಶುರುವಾಗುತ್ತದೆ, ಅದನ್ನು ಅವಳೇ ಓದಲಿ. ಯಾರನ್ನು ಬಿಟ್ಟು ಹೋಗೋಕೆ ಕಷ್ಟ ಅಂತ ಕೇಳಿ. ವಾರಕ್ಕೆ ಎರಡು ಸಂಜೆಯಾದರೂ ಅಣ್ಣ ಮನೆಯಲ್ಲಿರಲಿ, ಸಭೆಯವರು ಬೇಜಾರಾದರೆ ಆಗಲಿ.

ಎರಡು ಮಕ್ಕಳ ಅಮ್ಮ:
ಗೆಳತಿಯನ್ನು ಬಿಟ್ಟು ಬರೋಕಾಗಲ್ಲ ಅಂದಳು. ಜಾಸ್ತಿ ಅತ್ತಳು. ಶುಕ್ರವಾರದ ಸಭೆಗೆ ಬರೋಕಾಗಲ್ಲ ಅಂತ ಇವರೇ ಫೋನ್ ಮಾಡಿ ಹೇಳಿದ್ದಾರೆ.